ಸದ್ದಿಲ್ಲದೆ ಹೊಸ್ತಿಲು ದಾಟುವ ಸಕ್ಕರೆ ಕಾಯಿಲೆ

ಬೆಳಗಾವಿ ನಗರಕ್ಕೆ ಆಧುನಿಕ ವೈದ್ಯವಿದ್ಯೆ ಹೊಸದಲ್ಲ. ೧೯೧೬ರಲ್ಲಿ ಜನ್ಮ ತಾಳಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ೧೯೬೩ರಲ್ಲಿ ಇಲ್ಲಿ ಜವಾಹರಲಾಲ ನೆಹರು ವೈದ್ಯಕೀಯ ಮಹಾವಿದ್ಯಾಲಯವನ್ನು ಆರಂಭಿಸಿತು. ಒಂದೆಡೆ ಅದರ ಬೃಹತ್ ಆಸ್ಪತ್ರೆ, ಇನ್ನೊಂದೆಡೆ ಸರಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರಿದ ಜಿಲ್ಲಾ ಆಸ್ಪತ್ರೆ, ಇವುಗಳ ನಡುವೆ ಓಣಿ ಓಣಿಗೆ ಖಾಸಗಿ ದವಾಖಾನೆಗಳು. ನೆರೆಯ ರಾಜ್ಯಗಳ ರೋಗಿಗಳೂ ಈ ನಗರವನ್ನು ನಂಬಿ ಬರುತ್ತಾರೆ. ಆದರೆ ಇಲ್ಲಿಂದ ಸುಮಾರು ೨೬ ಕಿಲೋಮೀಟರು ದೂರದ ಖಾನಾಪುರವನ್ನು ಮುಟ್ಟಿ, ಮಲಪ್ರಭೆಯನ್ನು ದಾಟಿ, ಆಚೆ ಜಾಂಬೋಟಿ, ಕಣಕುಂಬಿಯ ಕಾಡಿಗೋ, ಈಚೆ ನಂದಗಡ, ಬೀಡಿ, ಇಟಗಿ, ಕಕ್ಕೇರಿಗಳ ಕಡೆಗೋ ಹೊರಟರೆ ಒಂದು ಮಾತು ಮನವರಿಕೆಯಾಗುತ್ತದೆ. ನಗರ ದೂರವಾದಂತೆ ಔಷಧಿಗಿಂತ ಮೊದಲು ಕಡಿಮೆಯಾಗುವುದು ತಿಳಿವಳಿಕೆ.

ಮಧುಮೇಹದ ವಿಷಯದಲ್ಲಿ ಈ ಮಾತು ಪೂರ್ತಿ ನಿಜ. ಜ್ವರ ಬಂದವನು ಮಲಗುತ್ತಾನೆ. ಹೊಟ್ಟೆನೋವು ಬಂದವನು ವೈದ್ಯರ ಬಾಗಿಲು ತಟ್ಟುತ್ತಾನೆ. ಸಕ್ಕರೆ ಕಾಯಿಲೆ ಬಂದವನು ಎಂದಿನಂತೆ ಹೊಲಕ್ಕೆ ಹೋಗುತ್ತಾನೆ, ಅಂಗಡಿ ತೆರೆಯುತ್ತಾನೆ, ಮದುವೆಯ ಊಟಕ್ಕೆ ಕೂಡುತ್ತಾನೆ. “ನಂಗೇನ ಆಗೇತಿ? ಎರಡು ಹೊತ್ತು ರೊಟ್ಟಿ ತಿಂತೇನಿ, ಹೊಲಕ್ಕ ಹೋಗ್ತೇನಿ” ಎನ್ನುವ ಹಿರಿಯರು ನಮ್ಮ ಹಳ್ಳಿಗಳಲ್ಲಿ ಮನೆಗೊಬ್ಬರು ಸಿಗುತ್ತಾರೆ. ಈ ಧೈರ್ಯ ಮೆಚ್ಚತಕ್ಕದ್ದೇ. ಆದರೆ ನೋವಿಲ್ಲದ ರೋಗದ ಮುಂದೆ ಈ ಧೈರ್ಯವೇ ವೈರಿಯಾಗುತ್ತದೆ. ಆದುದರಿಂದ ಈ ಸಂಚಿಕೆಯಲ್ಲಿ ಓದುಗ ಕುಟುಂಬಗಳ ಮುಂದೆ ಈ ರೋಗದ ಸ್ವರೂಪವನ್ನೂ, ಮನೆಮಂದಿ ಕೈಗೊಳ್ಳಬೇಕಾದ ಕ್ರಮಗಳನ್ನೂ ಸರಳವಾಗಿ ಇಡಬಯಸುತ್ತೇವೆ.

ಅಂಕಿಗಳು ಹೇಳುವ ಕಥೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ ೨೦೨೩ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹವಿರುವವರು ಸುಮಾರು ೧೦ ಕೋಟಿ ೧೦ ಲಕ್ಷ ಜನ. ರೋಗದ ಹೊಸ್ತಿಲಲ್ಲಿ ನಿಂತಿರುವವರು, ಅಂದರೆ ಸಕ್ಕರೆಯ ಅಂಶ ಸಹಜ ಮಿತಿಯನ್ನು ಮೀರಿದ್ದರೂ ರೋಗದ ಮಿತಿಯನ್ನು ಇನ್ನೂ ಮುಟ್ಟದವರು, ೧೩ ಕೋಟಿ ೬೦ ಲಕ್ಷ ಜನ. ನಗರವಾಸಿ ವಯಸ್ಕರಲ್ಲಿ ನೂರಕ್ಕೆ ೧೬ಕ್ಕಿಂತ ಹೆಚ್ಚು ಜನರಿಗೂ, ಗ್ರಾಮವಾಸಿ ವಯಸ್ಕರಲ್ಲಿ ನೂರಕ್ಕೆ ಸುಮಾರು ೯ ಜನರಿಗೂ ರೋಗವಿರುವುದು ಕಂಡುಬಂದಿದೆ. “ಇದು ಪೇಟೆಯ ಶ್ರೀಮಂತರ ಕಾಯಿಲೆ, ದುಡಿದುಣ್ಣುವ ನಮಗೇಕೆ?” ಎಂಬ ಹಳೆಯ ಮಾತಿಗೆ ಈಗ ಆಧಾರವಿಲ್ಲ.

ಇದಕ್ಕಿಂತ ಚಿಂತೆಗೀಡುಮಾಡುವುದು ಅರಿವಿನ ಲೆಕ್ಕ. ಇದೇ ಅಧ್ಯಯನದ ಮೊದಲ ಹಂತ ನಡೆದದ್ದು ತಮಿಳುನಾಡು, ಝಾರ್ಖಂಡ, ಚಂಡೀಗಢ ಮತ್ತು ನಮ್ಮ ನೆರೆಯ ಮಹಾರಾಷ್ಟ್ರಗಳಲ್ಲಿ. ಮಧುಮೇಹವೆಂಬ ರೋಗವೊಂದಿದೆ ಎಂದು ಕೇಳಿ ಬಲ್ಲವರೇ ಅಲ್ಲಿ ನೂರಕ್ಕೆ ೪೩ ಜನ. ಹಳ್ಳಿಗಳಲ್ಲಂತೂ ೩೭ ಜನ. ಆ ರೋಗ ಇತರ ಅಂಗಾಂಗಗಳನ್ನು ಕೆಡಿಸಬಲ್ಲದೆಂಬುದು ಸಾಮಾನ್ಯ ಜನರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರ ಗೊತ್ತಿತ್ತು. ೨೦೧೪ರಲ್ಲಿ ಪ್ರಕಟವಾದ ಈ ಲೆಕ್ಕದ ತರುವಾಯ ‘ಶುಗರ್’ ಎಂಬ ಹೆಸರು ಹಳ್ಳಿ ಹಳ್ಳಿಗೂ ಹಬ್ಬಿದೆ. ಆದರೆ ಹೆಸರು ಕೇಳುವುದು ಬೇರೆ, ರೋಗವನ್ನು ಅರಿಯುವುದು ಬೇರೆ.

ರೋಗದ ಮೂಲ ಎಲ್ಲಿ?

ನಾವು ಉಂಡ ರೊಟ್ಟಿ, ಅನ್ನ, ಹಣ್ಣು, ಬೆಲ್ಲ ಎಲ್ಲವೂ ಕೊನೆಗೆ ಗ್ಲುಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತವೆ. ರಕ್ತವನ್ನು ಕಾಲುವೆಯೆಂದೂ, ಶರೀರದ ಜೀವಕೋಶಗಳನ್ನು ಗದ್ದೆಗಳೆಂದೂ ಭಾವಿಸೋಣ. ಕಾಲುವೆಯ ನೀರು ಗದ್ದೆಗೆ ಹರಿಯಬೇಕಾದರೆ ತೂಬು ತೆರೆಯಬೇಕು. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯು ಉತ್ಪಾದಿಸುವ ಇನ್ಸುಲಿನ್ ಎಂಬ ರಸವೇ ಆ ತೂಬನ್ನು ತೆರೆಯುವ ಕೈ. ಕೆಲವರಲ್ಲಿ, ಹೆಚ್ಚಾಗಿ ಮಕ್ಕಳಲ್ಲಿ ಮತ್ತು ಎಳೆಯರಲ್ಲಿ, ಆ ಕೈಯೇ ಇಲ್ಲವಾಗುತ್ತದೆ. ಇದು ಒಂದನೆಯ ಬಗೆಯ ಮಧುಮೇಹ. ಬಹುಪಾಲು ವಯಸ್ಕರಲ್ಲಿ ಕೈ ಇದೆ, ಆದರೆ ತೂಬು ತುಕ್ಕು ಹಿಡಿದಂತೆ ಬಿಗಿಯಾಗುತ್ತದೆ. ಕ್ರಮೇಣ ಕೈಯೂ ಸೋಲುತ್ತದೆ. ಇದು ಎರಡನೆಯ ಬಗೆ. ಎರಡರಲ್ಲಿಯೂ ಫಲ ಒಂದೇ: ಕಾಲುವೆ ಕಟ್ಟೆ ಮೀರಿ ತುಂಬಿ ಹರಿಯುತ್ತದೆ, ಗದ್ದೆ ಮಾತ್ರ ಒಣಗುತ್ತದೆ. ರಕ್ತದಲ್ಲಿ ಸಕ್ಕರೆ ತುಂಬಿದ್ದರೂ ರೋಗಿಗೆ ನಿಶ್ಶಕ್ತಿ ಏಕೆಂಬುದಕ್ಕೆ ಇದೇ ಉತ್ತರ.

ಈ ರೋಗ ನಮ್ಮ ಪೂರ್ವಿಕರಿಗೆ ಅಪರಿಚಿತವೇನಲ್ಲ. ಚರಕ, ಸುಶ್ರುತ ಸಂಹಿತೆಗಳಲ್ಲಿ ಮಧುಮೇಹದ ವರ್ಣನೆಯಿದೆ. ಆದರೆ ಪರಿಹಾರದ ಬಾಗಿಲು ತೆರೆದದ್ದು ೧೯೨೧ರಲ್ಲಿ, ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರು ಇನ್ಸುಲಿನ್ನನ್ನು ಪ್ರತ್ಯೇಕಿಸಿದಾಗ. ೧೯೨೨ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಮೊದಲ ಚುಚ್ಚುಮದ್ದು ಕೊಡಲಾಯಿತು. ಅಲ್ಲಿಯವರೆಗೆ ಒಂದನೆಯ ಬಗೆಯ ಮಧುಮೇಹ ಬಂದ ಮಗು ಹೆಚ್ಚು ದಿನ ಬದುಕುತ್ತಿರಲಿಲ್ಲ. ಬ್ಯಾಂಟಿಂಗ್ ಅವರ ಜನ್ಮದಿನವಾದ ನವೆಂಬರ್ ೧೪ನ್ನು ೧೯೯೧ರಿಂದ ವಿಶ್ವ ಮಧುಮೇಹ ದಿನವೆಂದು ಆಚರಿಸಲಾಗುತ್ತಿದೆ.

ಶರೀರ ಕೊಡುವ ಸೂಚನೆಗಳು

ಪದೇ ಪದೇ ಮೂತ್ರ ವಿಸರ್ಜನೆ, ಅದರಲ್ಲೂ ರಾತ್ರಿ ಎರಡು ಮೂರು ಸಲ ಏಳುವುದು, ತೀರದ ಬಾಯಾರಿಕೆ, ಹಸಿವು ಹೆಚ್ಚಿದರೂ ತೂಕ ಇಳಿಯುವುದು, ಗಾಯ ಬೇಗ ಮಾಯದಿರುವುದು, ಕಣ್ಣು ಮಂಜಾಗುವುದು, ಅಂಗಾಲಿನಲ್ಲಿ ಜುಮುಜುಮು ಇಲ್ಲವೆ ಉರಿ, ಗುಪ್ತಾಂಗಗಳಲ್ಲಿ ಮರಳಿ ಮರಳಿ ತುರಿಕೆ. ಇವು ಪರಿಚಿತ ಲಕ್ಷಣಗಳು. ಆದರೆ ಓದುಗರು ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು: ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಇವಾವುವೂ ಕಾಣಿಸಿಕೊಳ್ಳುವುದಿಲ್ಲ. ಲಕ್ಷಣ ಬಂದ ಮೇಲೆ ನೋಡೋಣ ಎಂದು ಕಾಯುವವರು ರೋಗವನ್ನಲ್ಲ, ಅದರ ದುಷ್ಪರಿಣಾಮವನ್ನು ಕಾಯುತ್ತಿರುತ್ತಾರೆ.

ಆ ದುಷ್ಪರಿಣಾಮಗಳಾದರೂ ಎಂಥವು? ಅತಿಯಾದ ಸಕ್ಕರೆ ರಕ್ತನಾಳಗಳನ್ನು ಒಳಗಿಂದೊಳಗೇ ಸವೆಸುತ್ತದೆ. ಕಣ್ಣಿನ ಅಕ್ಷಿಪಟಲ ಕೆಟ್ಟು ದೃಷ್ಟಿ ಹೋಗಬಹುದು. ಮೂತ್ರಪಿಂಡಗಳು ಸೋತು ವಾರಕ್ಕೆ ಎರಡು ಮೂರು ಸಲ ಯಂತ್ರದಿಂದ ರಕ್ತಶುದ್ಧಿ ಮಾಡಿಸಿಕೊಳ್ಳುವ ಪ್ರಸಂಗ ಬರಬಹುದು. ಹೃದಯಾಘಾತ, ಲಕ್ವಗಳ ಸಂಭವ ಹೆಚ್ಚುತ್ತದೆ. ಕಾಲಿನ ಸ್ಪರ್ಶಜ್ಞಾನ ನಶಿಸಿ ಚಿಕ್ಕ ಗಾಯವೇ ಹುಣ್ಣಾಗಿ ಕಾಲನ್ನು ಕತ್ತರಿಸಬೇಕಾಗಬಹುದು. ದುಡಿಯುವ ಯಜಮಾನನ ಒಂದು ಕಾಲು ಹೋದರೆ ಆ ಮನೆಯ ಹೊಲ, ಮಕ್ಕಳ ವಿದ್ಯೆ, ಮಗಳ ಮದುವೆ ಎಲ್ಲವೂ ಕುಂಟತೊಡಗುತ್ತವೆ. ಎರಡೆಕರೆ ಮಾರಿ ಮಾಡಿಸುವ ಚಿಕಿತ್ಸೆಯನ್ನು ಎಷ್ಟೋ ಸಲ ಒಂದು ಹನಿ ರಕ್ತದ ಪರೀಕ್ಷೆಯಿಂದ ತಪ್ಪಿಸಬಹುದಾಗಿತ್ತು ಎಂಬುದು ದುಃಖದ ಸಂಗತಿ.

ಅಳತೆಯ ಟೇಪು ಹೇಳುವ ಭವಿಷ್ಯ

ಅಪಾಯ ಯಾರಿಗೆ ಹೆಚ್ಚು ಎಂಬುದನ್ನು ಮನೆಯಲ್ಲಿಯೇ ಲೆಕ್ಕ ಹಾಕುವ ಸುಲಭ ವಿಧಾನವೊಂದನ್ನು ಚೆನ್ನೈನ ಮದ್ರಾಸ್ ಮಧುಮೇಹ ಸಂಶೋಧನಾ ಪ್ರತಿಷ್ಠಾನದ ವೈದ್ಯರು ೨೦೦೫ರಲ್ಲಿ ರೂಪಿಸಿಕೊಟ್ಟಿದ್ದಾರೆ. ಇದಕ್ಕೆ ರಕ್ತ ಬೇಡ, ಯಂತ್ರ ಬೇಡ. ದರ್ಜಿಯ ಅಳತೆಯ ಟೇಪೊಂದು ಸಾಕು. ಅಂಕಗಳು ಹೀಗಿವೆ:

ವಯಸ್ಸು: ೩೫ಕ್ಕಿಂತ ಕಡಿಮೆಯಿದ್ದರೆ ೦; ೩೫ರಿಂದ ೪೯ರವರೆಗೆ ೨೦; ೫೦ ಮತ್ತು ಮೇಲ್ಪಟ್ಟರೆ ೩೦.

ಸೊಂಟದ ಸುತ್ತಳತೆ: ಗಂಡಸರಲ್ಲಿ ೯೦ ಸೆಂಟಿಮೀಟರಿಗಿಂತ, ಹೆಂಗಸರಲ್ಲಿ ೮೦ಕ್ಕಿಂತ ಕಡಿಮೆಯಿದ್ದರೆ ೦, ಗಂಡಸರಲ್ಲಿ ೯೦ರಿಂದ ೯೯, ಹೆಂಗಸರಲ್ಲಿ ೮೦ರಿಂದ ೮೯ ಇದ್ದರೆ ೧೦, ಅದಕ್ಕೂ ಮೀರಿದರೆ ೨೦.

ದೈಹಿಕ ಶ್ರಮ: ಶ್ರಮದ ಕೆಲಸ ಮತ್ತು ನಿಯಮಿತ ವ್ಯಾಯಾಮ ಎರಡೂ ಇದ್ದರೆ ೦, ಎರಡರಲ್ಲಿ ಒಂದಿದ್ದರೆ ೨೦, ಕುಳಿತು ಮಾಡುವ ಕೆಲಸವಾಗಿದ್ದು ವ್ಯಾಯಾಮವೂ ಇಲ್ಲದಿದ್ದರೆ ೩೦.

ಮನೆತನ: ತಂದೆತಾಯಿಗಳಲ್ಲಿ ಯಾರಿಗೂ ರೋಗವಿಲ್ಲದಿದ್ದರೆ ೦, ಒಬ್ಬರಿಗಿದ್ದರೆ ೧೦, ಇಬ್ಬರಿಗೂ ಇದ್ದರೆ ೨೦.

ಒಟ್ಟು ಅಂಕ ೬೦ ಅಥವಾ ಹೆಚ್ಚಾದರೆ ಅಪಾಯ ಅಧಿಕ. ೩೦ರಿಂದ ೫೦ರವರೆಗೆ ಮಧ್ಯಮ. ೩೦ಕ್ಕಿಂತ ಕಡಿಮೆಯಾದರೆ ಅಲ್ಪ. ಉದಾಹರಣೆಗೆ, ಖಾನಾಪುರ ಪೇಟೆಯಲ್ಲಿ ಕಿರಾಣಿ ಅಂಗಡಿ ನಡೆಸುವ ಐವತ್ತೆರಡರ ಗೃಹಸ್ಥರೊಬ್ಬರನ್ನು ಊಹಿಸೋಣ. ಸೊಂಟ ೯೬ ಸೆಂಟಿಮೀಟರು, ದಿನವಿಡೀ ಗಲ್ಲೆಯ ಮೇಲೆ ಕೂಡುವ ಕೆಲಸ, ತಾಯಿಗೆ ಸಕ್ಕರೆ ಕಾಯಿಲೆ. ಇವರ ಅಂಕ ೩೦, ೧೦, ೩೦, ೧೦ ಸೇರಿ ೮೦. ಹೊಲದ ಕೆಲಸ ಮಾಡುವ ಮೂವತ್ತೆಂಟರ ಗೃಹಿಣಿ, ಸೊಂಟ ೮೪, ತಂದೆತಾಯಿಗಳಿಗೆ ರೋಗವಿಲ್ಲ. ಅವರ ಅಂಕ ೨೦, ೧೦, ೨೦ ಸೇರಿ ೫೦. ಹೊಲದಲ್ಲಿ ದುಡಿಯುವವರೂ ಪೂರ್ತಿ ಸುರಕ್ಷಿತರಲ್ಲವೆಂಬುದು ಇದರಿಂದ ತಿಳಿಯುತ್ತದೆ. ಅಂಕ ಹೆಚ್ಚಿದ್ದರೆ ರೋಗವಿದೆ ಎಂದರ್ಥವಲ್ಲ. ಪರೀಕ್ಷೆಯನ್ನು ಮುಂದೂಡಬಾರದು ಎಂದರ್ಥ.

ಪರೀಕ್ಷೆ ಎಲ್ಲಿ, ಹೇಗೆ?

ರಾತ್ರಿಯ ಊಟದ ನಂತರ ಎಂಟು ತಾಸು ಏನನ್ನೂ ಸೇವಿಸದೆ ಬೆಳಿಗ್ಗೆ ತೆಗೆದ ರಕ್ತದಲ್ಲಿ, ಪ್ರತಿ ೧೦೦ ಮಿಲಿಲೀಟರಿಗೆ, ಸಕ್ಕರೆ ೧೨೬ ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಮಧುಮೇಹ. ೧೦೦ರಿಂದ ೧೨೫ರೊಳಗಿದ್ದರೆ ಹೊಸ್ತಿಲ ಸ್ಥಿತಿ. ೭೫ ಗ್ರಾಂ ಗ್ಲುಕೋಸ್ ಕುಡಿದ ಎರಡು ತಾಸಿನ ತರುವಾಯ ೨೦೦ ಅಥವಾ ಹೆಚ್ಚಿದ್ದರೂ ಮಧುಮೇಹವೇ. ಹಿಂದಿನ ಸುಮಾರು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ‘ಎಚ್‌ಬಿಎ೧ಸಿ’ ಎಂಬ ಪರೀಕ್ಷೆಯೂ ಇದೆ, ಅದರಲ್ಲಿ ೬.೫ ಅಥವಾ ಹೆಚ್ಚು ಬಂದರೆ ರೋಗವೆಂದು ಭಾವಿಸುತ್ತಾರೆ. ಲಕ್ಷಣಗಳಿಲ್ಲದವರಲ್ಲಿ ಒಂದೇ ಸಲದ ಅಂಕಿಯನ್ನು ನೆಚ್ಚದೆ ಮರುಪರೀಕ್ಷೆ ಮಾಡಿಸುವುದು ಕ್ರಮ. ಬೆರಳ ತುದಿಯ ಹನಿಯನ್ನು ನೋಡುವ ಗ್ಲುಕೋಮೀಟರ್ ಶಿಬಿರಗಳಿಗೆ ಅನುಕೂಲ. ರೋಗದ ನಿರ್ಣಯವನ್ನು ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಬೇಕು.

ಇದಕ್ಕಾಗಿ ಎಲ್ಲರೂ ಬೆಳಗಾವಿಗೆ ಓಡಬೇಕಾಗಿಲ್ಲ. ಕೇಂದ್ರ ಸರಕಾರವು ೨೦೧೦ರಲ್ಲಿ ಮಧುಮೇಹ, ಕ್ಯಾನ್ಸರ್, ಹೃದ್ರೋಗಗಳಿಗಾಗಿ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಈಗ ೩೦ ವರ್ಷ ದಾಟಿದವರೆಲ್ಲರ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದ ಕರ್ತವ್ಯಗಳಲ್ಲೊಂದು. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ವಯಸ್ಸು, ಸೊಂಟದಳತೆ, ತಂಬಾಕು, ಮನೆತನದ ರೋಗಗಳನ್ನು ವಿಚಾರಿಸುವುದು ಇದರ ಅಂಗವಾಗಿಯೇ. ನಮ್ಮ ರಾಜ್ಯದಲ್ಲಿ ೨೦೨೪ರಲ್ಲಿ ಕೋಲಾರದಿಂದ ಆರಂಭವಾದ ‘ಗೃಹ ಆರೋಗ್ಯ’ ಯೋಜನೆಯ ಉದ್ದೇಶವೂ ಮನೆಬಾಗಿಲಲ್ಲಿ ತಪಾಸಣೆ ಮಾಡಿ ಔಷಧಿ ತಲುಪಿಸುವುದೇ. ಅವರು ಬಂದಾಗ “ಮನ್ಯಾಗ ಎಲ್ಲಾರೂ ಆರಾಮ ಅದಾರ” ಎಂದು ಬಾಗಿಲಲ್ಲಿಯೇ ಬೀಳ್ಕೊಡದೆ, ಒಳಗೆ ಕರೆದು ಕೂಡ್ರಿಸಿ, ಮನೆಯ ಹಿರಿಯರನ್ನೂ ಸೊಸೆಯಂದಿರನ್ನೂ ಪರೀಕ್ಷೆಗೆ ಒಪ್ಪಿಸಬೇಕು.

ತಪ್ಪು ತಿಳಿವಳಿಕೆಗಳ ಕಳೆ

ತಿಳಿವಳಿಕೆ ಇಲ್ಲದಿರುವುದಕ್ಕಿಂತ ತಪ್ಪು ತಿಳಿವಳಿಕೆ ಹೆಚ್ಚು ಅಪಾಯಕರ. ನಮ್ಮ ಭಾಗದಲ್ಲಿ ಮೇಲಿಂದ ಮೇಲೆ ಕಿವಿಗೆ ಬೀಳುವ ಕೆಲವು ಮಾತುಗಳನ್ನು ಇಲ್ಲಿ ಪರಿಶೀಲಿಸೋಣ.

“ಸಕ್ಕರೆ ಬಿಟ್ಟು ಬೆಲ್ಲ ತಿಂದರೆ ನಡೆಯುತ್ತದೆ.” ಕಬ್ಬಿನ ನಾಡಾದ ಬೆಳಗಾವಿಯಲ್ಲಿ ಈ ನಂಬಿಕೆ ಬಲವಾಗಿದೆ. ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಾಂಶವಿದ್ದರೂ ಅದರ ಬಹುಭಾಗ ಸಕ್ಕರೆಯೇ. ರಕ್ತಕ್ಕೆ ಇಳಿದ ಮೇಲೆ ಬೆಲ್ಲ, ಸಕ್ಕರೆ, ಜೇನುತುಪ್ಪ ಎಂಬ ಭೇದವಿಲ್ಲ.

“ಹಾಗಲಕಾಯಿ, ಬೇವು, ಮೆಂತ್ಯ ಸಾಕು, ಗುಳಿಗೆ ಬೇಡ.” ಹಾಗಲಕಾಯಿಯ ಪಲ್ಯ, ಮೆಂತ್ಯದ ಸೊಪ್ಪು ಉತ್ತಮ ಆಹಾರಗಳು. ಆಹಾರವೆಂದು ಸೇವಿಸಲು ಅಡ್ಡಿಯಿಲ್ಲ. ಆದರೆ ಅವುಗಳನ್ನು ನೆಚ್ಚಿ ಔಷಧಿ ಬಿಟ್ಟವರು ಕೇಡನ್ನು ತಾವೇ ಕರೆದಂತೆ. ಸಂತೆಯಲ್ಲಿ, ಬಸ್ ನಿಲ್ದಾಣದಲ್ಲಿ ‘ಮೂರು ತಿಂಗಳಲ್ಲಿ ಬೇರು ಸಹಿತ ಗುಣ’ ಎಂದು ಮಾರುವ ಪುಡಿಗಳ ವಿಷಯದಲ್ಲಂತೂ ಎಚ್ಚರ ಬೇಕು.

“ಗುಳಿಗೆ ನುಂಗಿದರೆ ಕಿಡ್ನಿ ಕೆಡುತ್ತದೆ.” ಕಿಡ್ನಿಯನ್ನು ಕೆಡಿಸುವುದು ಹತೋಟಿಗೆ ಬಾರದ ಸಕ್ಕರೆ ಮತ್ತು ರಕ್ತದೊತ್ತಡ. ವೈದ್ಯರ ಸಲಹೆಯಂತೆ ತೆಗೆದುಕೊಂಡ ಔಷಧಿ ಅದನ್ನು ಕಾಯುತ್ತದೆ.

“ಇನ್ಸುಲಿನ್ ಎಂದರೆ ಕೊನೆಯ ಘಟ್ಟ.” ಇನ್ಸುಲಿನ್ ಶರೀರದಲ್ಲಿ ಸಹಜವಾಗಿ ಇರಬೇಕಾದ ವಸ್ತು. ಇಲ್ಲದ್ದನ್ನು ಹೊರಗಿನಿಂದ ಕೊಡುವುದು ಶಿಕ್ಷೆಯಲ್ಲ, ಸಹಾಯ.

“ಸಕ್ಕರೆ ಇಳಿದಿದೆ, ಇನ್ನು ಗುಳಿಗೆ ಸಾಕು.” ಗುಳಿಗೆಯಿಂದಲೇ ಇಳಿದದ್ದು ಎಂಬುದನ್ನು ಮರೆಯಬಾರದು. ಆಹಾರ, ತೂಕಗಳ ಸುಧಾರಣೆಯಿಂದ ಔಷಧಿ ಕಡಿಮೆ ಮಾಡಬಹುದಾದ ಸಂದರ್ಭಗಳುಂಟು. ಆದರೆ ಆ ನಿರ್ಣಯ ವೈದ್ಯರದು.

ಅಡಿಗೆಮನೆಯ ಔಷಧಿ

ರೋಗಿಗೆ ಬೇರೆ ಅಡಿಗೆ ಮಾಡುವ ಅಗತ್ಯವಿಲ್ಲ. ರೋಗಿಗೆ ಹಿತವಾದ ಊಟ ಮನೆಮಂದಿಗೆಲ್ಲ ಹಿತವಾದುದೇ. ತಾಟಿನ ಅರ್ಧ ಭಾಗ ತರಕಾರಿ, ಸೊಪ್ಪು. ಕಾಲು ಭಾಗ ಬೇಳೆ ಕಾಳು. ಉಳಿದ ಕಾಲು ಭಾಗ ಮಾತ್ರ ರೊಟ್ಟಿ ಅಥವಾ ಅನ್ನ. ನಮ್ಮ ಪುಂಡಿಪಲ್ಯ, ಮೆಂತ್ಯಪಲ್ಯ, ಮಡಕಿಕಾಳು, ಹೆಸರುಕಾಳಿನ ಉಸಳಿ, ಝುಣಕ, ಸೌತೆಕಾಯಿ, ಮೂಲಂಗಿಗಳು ಈ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿವೆ. ಜೋಳದ ರೊಟ್ಟಿ ಒಳ್ಳೆಯದೆಂದು ಐದಾರು ತಿನ್ನುವುದೂ ತಪ್ಪೇ, ಪ್ರಮಾಣವೇ ಮುಖ್ಯ. ಭತ್ತದ ಬೆಳೆಯಿರುವ ಖಾನಾಪುರ ಸೀಮೆಯಲ್ಲಿ ಅನ್ನದ ಜೊತೆ ಅವಲಕ್ಕಿ, ಚುರಮುರಿಗಳ ಬಳಕೆಯೂ ಹೆಚ್ಚು. ಅವೂ ಅಕ್ಕಿಯ ಮಕ್ಕಳೇ ಎಂಬುದು ನೆನಪಿರಲಿ.

ಇನ್ನು ಚಹಾದ ಮಾತು. ದಿನಕ್ಕೆ ಆರು ಕಪ್ಪು, ಕಪ್ಪಿಗೆ ಎರಡು ಚಮಚ ಸಕ್ಕರೆಯಾದರೆ ಹನ್ನೆರಡು ಚಮಚ. ಚಮಚಕ್ಕೆ ೪ ಗ್ರಾಂ ಎಂದು ಹಿಡಿದರೂ ೪೮ ಗ್ರಾಂ. ತಿಂಗಳಿಗೆ ಒಂದೂವರೆ ಕಿಲೋಗೆ ಹತ್ತಿರ! ಒಬ್ಬನೇ ವ್ಯಕ್ತಿ ಕೇವಲ ಚಹಾದಲ್ಲಿ ಕುಡಿದು ಮುಗಿಸುವ ಸಕ್ಕರೆಯಿದು. ಬಂದವರಿಗೆಲ್ಲ ಚಹಾ ಕೊಡುವುದು ನಮ್ಮ ಸಂಸ್ಕಾರ. ಆದರೆ “ಸಕ್ಕರೆ ಹಾಕಬೇಕೋ ಬೇಡವೋ?” ಎಂದು ಕೇಳುವುದನ್ನೂ ಇನ್ನು ಮುಂದೆ ಆ ಸಂಸ್ಕಾರದ ಭಾಗವಾಗಿಸೋಣ.

ಹಬ್ಬದ ಹೋಳಿಗೆ, ಜಾತ್ರೆಯ ಮಾದಲಿ, ಗೋಧಿ ಹುಗ್ಗಿ, ಬೆಳಗಾವಿಯ ಕುಂದಾ, ಗೋಕಾಕದ ಕರದಂಟು ಇವುಗಳನ್ನು ಜನ್ಮಪೂರ್ತಿ ತ್ಯಜಿಸಬೇಕೆಂದು ಯಾರೂ ಹೇಳುವುದಿಲ್ಲ. ಸಕ್ಕರೆ ಹತೋಟಿಯಲ್ಲಿರುವವರು ಹಬ್ಬದ ದಿನ ಒಂದು ತುಣುಕು ತಿಂದು, ಅಂದಿನ ಅನ್ನವನ್ನು ಕಡಿಮೆ ಮಾಡಬಹುದು. ತೊಂದರೆಯಿರುವುದು ಒತ್ತಾಯದಲ್ಲಿ. “ಒಂದ ಹೋಳಿಗಿಗೆ ಏನಾಗತೈತಿ, ತಿನ್ರಿ” ಎಂದು ತಾಟಿಗೆ ಬಡಿಸುವ ಬೀಗರ ಪ್ರೀತಿ ರೋಗಿಯ ಪಾಲಿಗೆ ಸಂಕಟ. ಪ್ರಸಾದವನ್ನು ಚಿಟಿಕೆಯಷ್ಟು ಸ್ವೀಕರಿಸಿದರೂ ಭಕ್ತಿಗೆ ಕೊರತೆಯಿಲ್ಲ.

ಉಪವಾಸದ ವಿಷಯದಲ್ಲಿ ಎರಡು ಬಗೆಯ ಅಪಾಯಗಳಿವೆ. ಶ್ರಾವಣ ಸೋಮವಾರ, ಶಿವರಾತ್ರಿಗಳಂದು ಅನ್ನ ಬಿಟ್ಟು ಸಾಬುದಾಣಿ, ಬಾಳೆಹಣ್ಣು, ಖರ್ಜೂರ ತಿಂದರೆ ಸಕ್ಕರೆ ಏರುತ್ತದೆ. ಏನೂ ತಿನ್ನದೆ ಎಂದಿನಂತೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಬೆವರು, ನಡುಕ, ಎದೆಬಡಿತ, ತಲೆಸುತ್ತು, ಮಾತು ತೊದಲುವುದು ಅದರ ಚಿಹ್ನೆಗಳು. ಆಗ ತಡಮಾಡದೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಚೇತರಿಸಿದ ಮೇಲೆ ಊಟ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ವ್ರತ ಹಿಡಿಯುವವರು ಮುಂಚಿತವಾಗಿಯೇ ವೈದ್ಯರನ್ನು ಕೇಳಿಕೊಳ್ಳುವುದು ಲೇಸು.

ಶ್ರಮದ ಮಾತು

ಬೀಸುವ ಕಲ್ಲು ಹೋಗಿ ಗಿರಣಿ ಬಂತು, ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಹೊಲದ ದಾರಿಗೆ ಮೋಟಾರ್ ಸೈಕಲ್ ಬಂತು. ಇವು ಬೇಡವೆಂದಲ್ಲ. ಶರೀರಶ್ರಮ ಕಡಿಮೆಯಾದರೂ ತಾಟಿನ ಅನ್ನ ಹಾಗೆಯೇ ಉಳಿಯಿತು ಎಂಬುದೇ ತೊಡಕು. ಕಾಯಕವನ್ನು ಬದುಕಿನ ತಿರುಳೆಂದು ಸಾರಿದ ಪರಂಪರೆ ನಮ್ಮದು. ಮೈ ಬಗ್ಗಿಸಿ ದುಡಿಯುವುದು ನಮಗೆ ಅವಮಾನವಲ್ಲ. ವಾರದಲ್ಲಿ ಐದು ದಿನ ಅರ್ಧ ತಾಸು ಬಿರುಸಾಗಿ ನಡೆದರೆ ತೂಬಿನ ತುಕ್ಕು ಸಡಿಲಾಗುತ್ತದೆ. ಇದು ಬರಿಯ ಉಪದೇಶವಲ್ಲ. ರೋಗದ ಹೊಸ್ತಿಲಲ್ಲಿದ್ದ ಭಾರತೀಯರನ್ನೇ ಸುಮಾರು ಮೂರು ವರ್ಷ ಪರಿಶೀಲಿಸಿ ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ನೂರಕ್ಕೆ ೫೫ ಜನ ಮಧುಮೇಹಿಗಳಾದರೆ, ಆಹಾರ ಮತ್ತು ನಡಿಗೆಯ ಶಿಸ್ತನ್ನು ಪಾಲಿಸಿದವರಲ್ಲಿ ೩೯ ಜನ ಮಾತ್ರ ಆದರು. ಅಂದರೆ ನೂರರಲ್ಲಿ ಹದಿನಾರು ಮನೆಗಳು ಔಷಧಿಯಿಲ್ಲದೆಯೇ ಆ ಅವಧಿಯಲ್ಲಿ ರೋಗವನ್ನು ತಡೆದವು.

ಪಾದಪೂಜೆಗಿಂತ ಪಾದರಕ್ಷೆ

ಗದ್ದೆಯ ಕೆಸರಿನಲ್ಲಿ ಬರಿಗಾಲಿನಲ್ಲಿ ದುಡಿಯುವ ಸೀಮೆ ನಮ್ಮದು. ಹರಕೆ ಹೊತ್ತು ಬರಿಗಾಲಿನಲ್ಲಿ ಜಾತ್ರೆಗೆ ನಡೆಯುವ ಪದ್ಧತಿಯೂ ಇದೆ. ಕಾಲಿನ ಸ್ಪರ್ಶಜ್ಞಾನ ಕಳೆದುಕೊಂಡ ಮಧುಮೇಹಿಗೆ ಮುಳ್ಳು ಚುಚ್ಚಿದ್ದು, ಕಾದ ಡಾಂಬರು ಸುಟ್ಟದ್ದು, ನಿದ್ರೆಯಲ್ಲಿ ಇಲಿ ಕಚ್ಚಿದ್ದು ತಿಳಿಯುವುದೇ ಇಲ್ಲ. ಆದುದರಿಂದ ಮನೆಯ ಒಳಗೂ ಹೊರಗೂ ಮೆತ್ತನೆಯ ಪಾದರಕ್ಷೆ ಧರಿಸಬೇಕು. ಪೂಜೆಯ ಕೋಣೆಗೆ ಹೋಗುವಾಗ ಶುಭ್ರವಾದ ಕಾಲುಚೀಲ ಹಾಕಿಕೊಳ್ಳಬಹುದು. ಬಿಸಿನೀರಿನಲ್ಲಿ ಕಾಲಿಡುವ ಮುನ್ನ ಮೊಣಕೈಯಿಂದ ಬಿಸಿ ನೋಡಬೇಕು. ದಿನಾಲು ರಾತ್ರಿ ಅಂಗಾಲು, ಬೆರಳ ಸಂದುಗಳನ್ನು ಪರೀಕ್ಷಿಸಬೇಕು. ಅಜ್ಜನ ಕಣ್ಣು ಮಂಜಾಗಿದ್ದರೆ ಮೊಮ್ಮಕ್ಕಳು ನೋಡಲಿ. ಓದು ಬಲ್ಲ ಮೊಮ್ಮಗಳು ರಾತ್ರಿ ಅಜ್ಜನ ಪಾದ ನೋಡುವುದು ಆ ಮನೆಯ ದೊಡ್ಡ ವೈದ್ಯಸೇವೆ. ವರ್ಷಕ್ಕೊಮ್ಮೆ ಕಣ್ಣಿನ ಒಳಪದರ ಮತ್ತು ಮೂತ್ರದ ಪರೀಕ್ಷೆಯನ್ನೂ ತಪ್ಪದೆ ಮಾಡಿಸಬೇಕು.

ಹೆಣ್ಣುಮಕ್ಕಳ ಮೌನ

ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ತಾಯಿ ಪರೀಕ್ಷೆಗೂ ಕೊನೆಗೇ ಬರುತ್ತಾಳೆ. ಗುಪ್ತಾಂಗದ ತುರಿಕೆಯನ್ನು ನಾಚಿಕೆಯಿಂದ ಹೇಳದೆ ವರ್ಷಗಟ್ಟಲೆ ಸಹಿಸುವ ಅವ್ವಂದಿರು, ಅತ್ತೆಯವರು ಎಷ್ಟು ಜನ! ಗಂಡಸರ ಗುಳಿಗೆ ತಪ್ಪಿದರೆ ನೆನಪಿಸಲು ಹೆಂಡತಿಯಿದ್ದಾಳೆ. ಅವಳ ಗುಳಿಗೆಯನ್ನು ನೆನಪಿಸುವವರು ಯಾರು? ಈ ಪ್ರಶ್ನೆಯನ್ನು ಪ್ರತಿಯೊಬ್ಬ ಗೃಹಸ್ಥರೂ ತಮ್ಮಷ್ಟಕ್ಕೆ ಕೇಳಿಕೊಳ್ಳಬೇಕು.

ಗರ್ಭಿಣಿಯರಲ್ಲಿ ಮೊದಲ ಸಲ ಕಾಣಿಸಿಕೊಳ್ಳುವ ಮಧುಮೇಹ ತಾಯಿ ಮಗು ಇಬ್ಬರಿಗೂ ಅಪಾಯಕರ. ಮೊದಲ ತಪಾಸಣೆಯಲ್ಲೊಮ್ಮೆ, ೨೪ರಿಂದ ೨೮ನೆಯ ವಾರದೊಳಗೆ ಇನ್ನೊಮ್ಮೆ, ೭೫ ಗ್ರಾಂ ಗ್ಲುಕೋಸ್ ಕುಡಿಸಿ ಎರಡು ತಾಸಿನ ನಂತರ ರಕ್ತ ನೋಡುತ್ತಾರೆ. ೧೪೦ ಅಥವಾ ಹೆಚ್ಚಿದ್ದರೆ ಚಿಕಿತ್ಸೆ ಅವಶ್ಯ. ಹೆರಿಗೆಯಾದ ಮೇಲೆ ಸಕ್ಕರೆ ಇಳಿದರೂ ಮುಂದೆ ರೋಗ ಬರುವ ಸಂಭವ ಹೆಚ್ಚಾದ್ದರಿಂದ ಬಾಣಂತಿಗೆ ಆರು ವಾರದ ನಂತರ ಮರುಪರೀಕ್ಷೆ ಬೇಕು.

ಇನ್ನೊಂದು ನೋವಿನ ಸಂಗತಿ. ಮಗುವಿಗೆ ಒಂದನೆಯ ಬಗೆಯ ಮಧುಮೇಹ ಬಂದರೆ, ವಿಶೇಷವಾಗಿ ಅದು ಹೆಣ್ಣುಮಗುವಾದರೆ, ಮುಂದೆ ಮದುವೆಗೆ ಅಡ್ಡಿಯಾದೀತೆಂದು ಮನೆಯವರು ಮುಚ್ಚಿಡುತ್ತಾರೆ. ಶಾಲೆಗೂ ತಿಳಿಸುವುದಿಲ್ಲ, ಬಂಧುಗಳ ಮನೆಗೆ ಹೋದಾಗ ಇನ್ಸುಲಿನ್ ತಪ್ಪಿಸುತ್ತಾರೆ. ಆ ಮಗುವಿಗೆ ಇನ್ಸುಲಿನ್ ಎಂದರೆ ಉಸಿರು. ತಪ್ಪಿದರೆ ದಿನಗಳಲ್ಲಿಯೇ ಪ್ರಾಣಾಪಾಯ. ಹಠಾತ್ತಾಗಿ ಬಾಯಾರಿಕೆ, ತೂಕ ಇಳಿಕೆ, ಹಾಸಿಗೆಯಲ್ಲಿ ಮೂತ್ರ, ವಾಂತಿ, ಏದುಸಿರು ಕಂಡರೆ ಮಾಟ ಮಂತ್ರವೆಂದು ತಿರುಗದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಸರಿಯಾದ ಚಿಕಿತ್ಸೆ ಪಡೆದ ಹುಡುಗಿ ಓದಬಲ್ಲಳು, ದುಡಿಯಬಲ್ಲಳು, ಸಂಸಾರ ನಡೆಸಬಲ್ಲಳು, ತಾಯಿಯಾಗಬಲ್ಲಳು. ಸತ್ಯವನ್ನು ತಿಳಿದೂ ಸಂಬಂಧಕ್ಕೆ ಒಪ್ಪುವ ಮನೆಗಳು ನಮ್ಮ ಸಮಾಜದಲ್ಲಿ ಹೆಚ್ಚಬೇಕು.

ಮನೆಯಲ್ಲಿ ಶೀತಕಪಾಟಿಲ್ಲ, ಕರೆಂಟು ನಿಲ್ಲುವುದಿಲ್ಲ, ಇನ್ಸುಲಿನ್ ಹೇಗೆ ಇಡುವುದು ಎಂದು ಕೇಳುವವರಿಗೆ ಖಾನಾಪುರದ ಮಣ್ಣಿನಲ್ಲಿಯೇ ಉತ್ತರವಿದೆ. ಕುಂಬಾರಿಕೆಗೆ ಹೆಸರಾದ, ಗ್ರಾಮೀಣ ಕುಂಬಾರಿಕೆಯ ಕೇಂದ್ರೀಯ ತರಬೇತಿ ಸಂಸ್ಥೆಯಿರುವ ಊರದು. ದೊಡ್ಡ ಗಡಿಗೆಯೊಳಗೆ ಚಿಕ್ಕ ಗಡಿಗೆಯನ್ನಿಟ್ಟು, ನಡುವೆ ಮರಳು ತುಂಬಿ, ಆ ಮರಳನ್ನು ಸದಾ ಒದ್ದೆಯಾಗಿಟ್ಟರೆ ಒಳಗೆ ತಂಪು ನಿಲ್ಲುತ್ತದೆ. ಬಳಕೆಯಲ್ಲಿರುವ ಸೀಸೆಯನ್ನು ನೀರು ತಾಗದ ಡಬ್ಬಿಯಲ್ಲಿ ಹಾಕಿ ನೆರಳಿನಲ್ಲಿ ಹೀಗೆ ಇಡಬಹುದು. ಎಷ್ಟು ದಿನ ಬಳಸಬಹುದೆಂಬುದನ್ನು ಔಷಧಿ ಕೊಟ್ಟವರಿಂದ ಕೇಳಿ ತಿಳಿಯಬೇಕು.

ಸಮಾಜದ ಹೊಣೆ

ಖಾನಾಪುರ ತಾಲೂಕಿನಲ್ಲಿ ಕನ್ನಡ, ಮರಾಠಿ, ಕೊಂಕಣಿ ಮೂರೂ ಮನೆಮಾತುಗಳು. ಮನೆಮಾತಿನಲ್ಲಿ ಹೇಳದ ಆರೋಗ್ಯದ ಮಾತು ಗೋಡೆಯ ಮೇಲಿನ ಬರಹವಾಗಿಯೇ ಉಳಿಯುತ್ತದೆ. ಮಳೆಗಾಲದಲ್ಲಿ ಭೀಮಗಡದ ಕಾಡೊಳಗಿನ ಹಳ್ಳಿಗಳಿಗೆ ದಾರಿ ಕಡಿದುಹೋಗುತ್ತದೆ. ಅಲ್ಲಿಯ ರೋಗಿಗಳಿಗೆ ಜೂನ್ ತಿಂಗಳಿಗೆ ಮೊದಲೇ ಎರಡು ಮೂರು ತಿಂಗಳ ಗುಳಿಗೆ ಕೈಸೇರುವಂತೆ ಆರೋಗ್ಯ ಕೇಂದ್ರದವರೂ ಊರ ಹಿರಿಯರೂ ಕೂಡಿ ಯೋಚಿಸಬೇಕು. ನೆಹರು ವೈದ್ಯಕೀಯ ಮಹಾವಿದ್ಯಾಲಯವು ಕಿಣಯೆ, ಹಂದಿಗನೂರ, ವಂಟಮುರಿ ಸೀಮೆಯ ಹಳ್ಳಿಗಳನ್ನು ತನ್ನ ಗ್ರಾಮೀಣ ಕಾರ್ಯಕ್ಷೇತ್ರವಾಗಿಸಿಕೊಂಡು ವಿದ್ಯಾರ್ಥಿಗಳನ್ನು ಅಲ್ಲಿಗೆ ಕಳಿಸಿದೆ. ಡಾ. ಎಂ. ವಿ. ಜಾಲಿ ಅವರಂಥ ಮಧುಮೇಹ ತಜ್ಞರು ಬೆಳಗಾವಿಯಲ್ಲಿ ಸೇವೆ ಸಲ್ಲಿಸಿದ್ದಾರೆ. ಇಂಥ ವಿದ್ಯೆ ಹಳ್ಳಿಯ ಕಟ್ಟೆಗೆ ಬಂದು ಕೂಡುವಂತೆ ಆಮಂತ್ರಿಸುವ ಕೆಲಸ ನಮ್ಮದು.

ಇದಕ್ಕೆ ಮಠ, ಜಾತ್ರೆ, ಪುರಾಣ ಪ್ರವಚನಗಳಿಗಿಂತ ಉತ್ತಮ ವೇದಿಕೆ ಯಾವುದು? ಒಂದು ತಿಂಗಳು ನಡೆಯುವ ಪ್ರವಚನದಲ್ಲಿ ಒಂದು ಸಂಜೆಯನ್ನು ವೈದ್ಯರಿಗೆ ಬಿಟ್ಟುಕೊಡಬಹುದು. ಜಾತ್ರೆಯ ಅಂಗಳದಲ್ಲಿ ಆರೋಗ್ಯ ಇಲಾಖೆಯ ನೆರವಿನಿಂದ ತಪಾಸಣೆಯ ಡೇರೆ ಹಾಕಿಸಬಹುದು. ದಾಸೋಹದ ಪಂಕ್ತಿಯಲ್ಲಿ ಹುಗ್ಗಿಯ ಜೊತೆಗೆ ಕಾಳಿನ ಪಲ್ಯ, ಸೊಪ್ಪು ಸಮೃದ್ಧವಾಗಿ ಬಡಿಸಬಹುದು. ಸ್ವಾಮಿಗಳವರು “ಗುಳಿಗೆ ಬಿಡಬ್ಯಾಡ್ರಿ” ಎಂದು ಒಂದು ಮಾತು ಅಪ್ಪಣೆ ಕೊಡಿಸಿದರೆ ಅದು ಹತ್ತು ಕರಪತ್ರಗಳಿಗೆ ಸಮ.

ಬಂಧುಗಳೇ, ಈ ಲೇಖನವನ್ನು ಓದಿ ಬದಿಗಿಡದೆ ಒಂದು ಕೆಲಸ ಮಾಡಿರೆಂದು ವಿನಂತಿಸುತ್ತೇವೆ. ಇಂದು ರಾತ್ರಿ ಊಟದ ನಂತರ ಮನೆಮಂದಿಯನ್ನು ಕೂಡಿಸಿ, ಟೇಪು ಹಿಡಿದು, ಮೇಲಿನ ಅಂಕಗಳನ್ನು ಲೆಕ್ಕ ಹಾಕಿರಿ. ಓದು ಬಾರದ ನೆರೆಮನೆಯವರಿಗೂ ಹಾಕಿಕೊಡಿರಿ. ಅರವತ್ತು ಮುಟ್ಟಿದವರು, ಮೂವತ್ತು ವರ್ಷ ದಾಟಿಯೂ ಒಮ್ಮೆಯೂ ರಕ್ತ ನೋಡಿಸದವರು, ಮುಂದಿನ ಸಂಚಿಕೆ ನಿಮ್ಮ ಕೈಸೇರುವುದರೊಳಗೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಬರಲಿ. ಮನೆಯ ತಾಯಂದಿರನ್ನು ಮೊದಲು ಕರೆದೊಯ್ಯಿರಿ.